ಮೂರನೇ ಚರಣದ ಸ್ವರ

ಕ್ಲೇ ಫೋರ್ಕ್, ಟೆನೆಸ್ಸಿ
ಅಕ್ಟೋಬರ್ ೯

ಹಾರ್ಲನ್‌ಗೆ,

'ಪ್ರಿಯ' ಎಂದು ಬರೆಯಹೋಗಿ ಬಿಟ್ಟೆ. ಹನ್ನೊಂದು ವರ್ಷದಿಂದ ಬೇರೆ ಇರುವ ಗಂಡನನ್ನು ಕಾಗದದಲ್ಲಿ ಏನೆಂದು ಕರೆಯಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಉತ್ತರ ಕಾಗದದಲ್ಲೇ ಇರಲಿ.

ನಿನ್ನೆ ರೇಡಿಯೊದಲ್ಲಿ ನಿನ್ನ ಮಾತು ಕೇಳಿದೆ. ಕುಡಿತ ಬಿಟ್ಟು ಹದಿನಾಲ್ಕು ತಿಂಗಳು, ಹೊಸ ರೆಕಾರ್ಡು, ಶನಿವಾರ ನ್ಯಾಶ್‌ವಿಲ್‌ನಲ್ಲಿ ಮತ್ತೆ ವೇದಿಕೆ. ಸಂತೋಷ. ಹೊಟ್ಟೆಕಿಚ್ಚು ಪಕ್ಕಕ್ಕಿಟ್ಟೇ ಹೇಳುತ್ತಿದ್ದೇನೆ. ಆದರೆ ಆಮೇಲೆ ನೀನು, "ವರ್ಲೀನ್ ನನ್ನ ಕ್ಷಮಿಸಿಬಿಟ್ಳು. ಒಂದು ಮಾತೂ ಆಡ್ಲಿಲ್ಲ, ಸುಮ್ನೆ ನನ್ನನ್ನೇ ನೋಡ್ತಾ ಕೂತಿದ್ಳು. ದೊಡ್ಡ ಮನಸ್ಸು ಅವಳ್ದು" ಎಂದೆ. ತೊಳೆಯುತ್ತಿದ್ದ ಬಾಣಲೆಯನ್ನು ಸಿಂಕಿಗೆ ಕುಕ್ಕಿದೆ.

ಆಗಸ್ಟಿನಲ್ಲಿ ನೀನು ಬಂದಾಗ ಏನಾಯಿತೆಂದು ನೆನಪಿಸಲೇ? ಕುಡಿತ ಬಿಟ್ಟವರ ಕೂಟದಲ್ಲಿ, ನೋಯಿಸಿದವರ ಪಟ್ಟಿ ಮಾಡಿ ಮನೆ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕಂತಲ್ಲ, ಆ ಪಟ್ಟಿ ಹಿಡಿದು ಬಂದಿದ್ದೆ. ನಾನು ಜಗುಲಿಗೆ ಪೆಕನ್ ಪೈ ತಂದಿಟ್ಟು, ನನ್ನ ಬರೆಯುವ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನೀನು ನಲವತ್ತು ನಿಮಿಷ ಓದಿದೆ. ಪ್ರಶ್ನೆಯೂ ನಿನ್ನದೇ, ಉತ್ತರವೂ ನಿನ್ನದೇ. ಹೆಂಗಸರ ಹೆಸರುಗಳು ಬಂದವು. ಅದರಲ್ಲಿ ಇಬ್ಬರು ನನಗೆ ಗೊತ್ತೇ ಇರಲಿಲ್ಲ. ನಾಕ್ಸ್‌ವಿಲ್ ದಾರಿಯಲ್ಲಿ ಕುಡಿದು ವ್ಯಾನನ್ನು ಮರಕ್ಕೆ ಗುದ್ದಿಸಿದ್ದೂ ಬಂತು. "ನಿಮ್ಮಪ್ಪನ ಮ್ಯಾಂಡೊಲಿನ್ ಮುರಿದುಹೋಯ್ತಲ್ಲ, ಅದಕ್ಕೆ ಕ್ಷಮಿಸೇ" ಎಂದೆ. ಮ್ಯಾಂಡೊಲಿನ್ನಂತೆ! ಪಕ್ಕದ ಸೀಟಿನಲ್ಲಿದ್ದ ನನ್ನ ಕತ್ತು ಡ್ಯಾಶ್‌ಬೋರ್ಡಿಗೆ ಬಡಿದದ್ದು ಪಟ್ಟಿಯಲ್ಲಿರಲಿಲ್ಲ.

ಎರಡು ತುಂಡು ಪೈ ತಿಂದ ಮೇಲೆ ನಿಜವಾದ ವಿಷಯ ಹೊರಬಿತ್ತು. ನಿನಗೆ ಹೆಸರು ತಂದ ಹಾಡಿನ ಮೂರನೇ ಚರಣದ ಆ ಮೇಲಿನ ಸ್ವರ. "ಪರದೆ ಹಿಂದೆ ನಿಂತ್ಕೊಂಡು ಅದೊಂದು ಹಾಡ್ಬಿಡು ವರ್ಲೀ, ಮೊದಲಿನ ಹಾಗೆ" ಎಂದು ಗೋಗರೆದೆ. ಹೊರಡುವಾಗ ನೀನು ನನ್ನ ಪ್ಯಾಡಿನಿಂದಲೇ ಹಾಳೆ ಹರಿದು ಕಾರ್ಯಕ್ರಮದ ದಿನ, ವೇಳೆ ಬರೆದುಕೊಟ್ಟೆ.

ಹತ್ತೊಂಬತ್ತು ವರ್ಷ ಹಾಡಿದ್ದೇನೆ, ಹಾರ್ಲನ್. ಉಸಿರೆಳೆಯುವ ಮುಂಚೆ ನಿನ್ನ ಎಡಭುಜ ತುಸು ಮೇಲೇಳುತ್ತದೆ. ಕತ್ತಲಲ್ಲಿ ನಿಂತು ಆ ಭುಜವನ್ನೇ ನೋಡುತ್ತಾ ನಿನ್ನ ಜೊತೆಗೇ ಉಸಿರೆಳೆದು, ನೀನು ಬಾಯಿ ತೆರೆದಾಗ ನಾನು ಸ್ವರ ಎತ್ತುತ್ತಿದ್ದೆ. ಜನ ಎದ್ದು ನಿಂತು ಟೋಪಿ ಎಸೆಯುತ್ತಿದ್ದರು, ನಿನಗೆ. ಕೊನೆಕೊನೆಗೆ ಅದು ನಿನ್ನದೇ ದನಿಯೆಂದು ನೀನೂ ನಂಬಿಬಿಟ್ಟಿದ್ದೆ.

ಶ್ರುತಿ ಇಳಿಸು. ಗಿಟಾರಿನ ಕತ್ತಿಗೆ ಹಾಕುವ ಆ ಕ್ಲಿಪ್ಪನ್ನು ತಲೆಯ ಕಡೆಗೆ ಎರಡು ಮನೆ ಸರಿಸಿದರೆ ಆ ಸ್ವರ ನಿನ್ನ ಗಂಟಲಿಗೂ ಎಟುಕುತ್ತದೆ. "ಇಳಿಸಿದ್ರೆ ಹಾರ್ಲನ್ ಮುದುಕ ಆದ ಅಂತಾರೆ ಕಣೇ" ಎಂದು ಅಂದೆಲ್ಲ ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಅರವತ್ತೊಂದಾಯಿತು, ಅನ್ನಲಿ ಬಿಡು. ಒಂದು ಸಲವಾದರೂ ನಿನ್ನ ದನಿಯಲ್ಲೇ ಹಾಡು. ನಾನು ಬರುವುದಿಲ್ಲ. ಪರದೆಯ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಇನ್ನೂ ನಿನ್ನ ಹೆಸರನ್ನೇ ಹೊತ್ತಿರುವ,
ವರ್ಲೀನ್ ಟಗಲ್

ಮರೆತಿದ್ದು: ನೀನು ಕ್ಷಮೆ ಅಂದುಕೊಂಡ ಆ ಮೌನದ ವಿಷಯ. ಏಪ್ರಿಲ್‌ನಲ್ಲಿ ನನ್ನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ವ್ಯಾನಿನಲ್ಲಿ ಬಿದ್ದ ಪೆಟ್ಟೇ ಒಳಗೊಳಗೇ ಗಂಟಾಗಿ ಬೆಳೆದಿತ್ತಂತೆ. ಅಂದಿನಿಂದ ನನಗೆ ದನಿಯಿಲ್ಲ. ಯಾರು ಏನು ಕೇಳಿದರೂ ಪ್ಯಾಡಿನಲ್ಲಿ ಬರೆದು ತೋರಿಸುತ್ತೇನೆ. ಅವತ್ತು ಜಗುಲಿಯಲ್ಲಿ ನಿನಗೂ ಬರೆದಿದ್ದೆ. ಮುಂದುಗಡೆ ಏನೋ ಬರೆದಿದೆಯೆಂದು ನೀನು ಹಾಳೆ ಮಗುಚಿ ವೇಳೆ ಗುರುತು ಹಾಕಿದೆಯೇ ಹೊರತು ಓದಲಿಲ್ಲ. ಅದೇ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ತಿರುಗಿಸಿ ನೋಡು.