ಬೋಗಿ ಎಳೆಯದ ಎಂಜಿನ್

ಮಾರ್ಚ್ ೧೪, ಭಾನುವಾರ

ಪ್ರೀತಿಯ ಮಾವನಿಗೆ,

ನಮಸ್ಕಾರ. ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡಿ. ನಿಮ್ಮ ಆಟದ ರೈಲಿನ ಎಂಜಿನ್ ರಿಪೇರಿ ಮುಗಿಸಿ ಒಳ್ಳೆಯ ಸುದ್ದಿಯನ್ನೇ ಬರೆಯೋಣ ಎಂದು ಕಾದೆ. ಅದು ನನ್ನ ಮಾನ ಕಳೆಯಲೆಂದೇ ಹಟ ಹಿಡಿದು ಕೂತಿದೆ. ನಿಮ್ಮ ಮಂಡಿನೋವು ಹೇಗಿದೆ? ಅತ್ತೆ ಸ್ಟೂಲ್ ಹತ್ತಿ ಅಟ್ಟ ಗುಡಿಸುವುದನ್ನು ಬಿಟ್ಟರೇ?

ಸಣ್ಣ ಮನೆಗೆ ಹೋಗುವಾಗ ನೀವು, "ಅಲ್ಲಿ ಹಳಿ ಹಾಸೋಕೆ ಜಾಗ ಇಲ್ಲ, ನೀನೇ ಇಟ್ಕೊಳಯ್ಯ" ಎಂದು ಅದನ್ನು ನನಗೆ ಕೊಟ್ಟಿದ್ದಿರಿ. ಅದು ಚಳಿಗಾಲದ ಒಂದು ಸಂಜೆ ಗುಂಯ್ ಎಂದು ನಿಂತೇಹೋಯಿತು. ಅದೇ ವಾರ ನಿಮ್ಮ ಮಗಳ ಫೋನು: "ಅಪ್ಪನ ಎಂಜಿನ್ ವಾಪಸ್ ಕೊಟ್ಬಿಡು. ಆ ಮನೇಲಿ ನಮ್ಮದು ಅಂತ ಏನೂ ಇರೋದು ಬೇಡ." ಅವಳು ಮನೆ ಬಿಟ್ಟ ಮೇಲೆ ನಾವು ಜಗಳವಾಡುವುದನ್ನೂ ಬಿಟ್ಟಿದ್ದೇವೆ. ಹೂಂ ಎಂದೆ. ಆದರೆ ನೀವು ಚಡ್ಡಿ ಹಾಕುವ ವಯಸ್ಸಿನಲ್ಲಿ ನಿಮ್ಮ ತಂದೆ ಕೊಡಿಸಿದ್ದು ಅದು. ನಿಮ್ಮ ಕೈಯಲ್ಲಿ ಅಷ್ಟು ವರ್ಷ ಓಡಿದ್ದು ನನ್ನ ಕೈಯಲ್ಲಿ ಕೆಟ್ಟಿತು ಎಂದು ಯಾವ ಮುಖ ಇಟ್ಟುಕೊಂಡು ಕಳಿಸಲಿ?

ಕನ್ನಡಕದ ಅಂಗಡಿಯವನಿಗೆ ಇದೇನು ಮಹಾ ಎಂದುಕೊಂಡೆ. ಸಣ್ಣ ಸ್ಕ್ರೂಡ್ರೈವರ್, ಭೂತಗನ್ನಡಿ, ಚಿಮುಟ ಎಲ್ಲ ನನ್ನ ಮೇಜಿನ ಮೇಲೇ ಇವೆಯಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನ ಮೋಟಾರು ಬಿಚ್ಚಿದೆ. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿತ್ತು. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಟಣ್ಣನೆ ಹಾರಿ ಎಲ್ಲಿ ಬಿತ್ತೋ! ಮಂಡಿಯೂರಿ ನೆಲ ತಡಕುತ್ತಿದ್ದಾಗ ಒಳಗೆ ಬಂದ ಹೆಂಗಸೊಬ್ಬರು, "ಅಯ್ಯೋ ಪಾಪ, ನಿಮ್ಮ ಕನ್ನಡಕಾನೇ ಕಳೆದುಹೋಯ್ತಾ?" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೀವು ನನ್ನನ್ನು ಅವಸರಪ್ಪ ಎಂದು ಸುಮ್ಮನೆ ಕರೆಯುವುದಿಲ್ಲ. ಹೊಸ ಸ್ಪ್ರಿಂಗು ಹುಡುಕುವಷ್ಟು ತಾಳ್ಮೆಯಿಲ್ಲದೆ ಬಾಲ್‌ಪೆನ್ನಿನದನ್ನೇ ಕತ್ತರಿಸಿ ತುರುಕಿದೆ. ಅದು ಬಿಗಿ ಜಾಸ್ತಿಯಾಗಿ, ಮೋಟಾರು ಕಾದು, ಹೊಗೆ ಬಂದು, ತಂತಿಯ ಒಂದು ಸುರುಳಿ ಸುಟ್ಟೇಹೋಯಿತು. ವೈಂಡಿಂಗ್ ಅಂಗಡಿಗೆ ಓಡಿದೆ. ಅವನು ಅಂಗೈ ಮೇಲಿಟ್ಟು ನೋಡಿ ನಕ್ಕ. "ಇದೇನ್ ಸಾರ್, ಮೋಟಾರಾ, ಮಾತ್ರೆನಾ? ನೀರಿನ ಪಂಪ್ ತನ್ನಿ, ಕಟ್ಟಿಕೊಡ್ತೀನಿ." ತಂತಿಯನ್ನೇನೋ ಕೊಟ್ಟ. ಕೂದಲಿಗಿಂತ ತೆಳು. ಉಸಿರು ಬಿಗಿಹಿಡಿದು ಸುತ್ತುತ್ತೇನೆ, ಇನ್ನೇನು ಮುಗಿಯಿತು ಎನ್ನುವಾಗ ಪಟ್! ಮತ್ತೆ ಮೊದಲಿಂದ. ಕೊನೆಗೂ ಸುತ್ತಿ, ಜೋಡಿಸಿ, ಕರೆಂಟು ಕೊಟ್ಟರೆ ಓಡಿತು ಮಾವ, ಹಿಂದಕ್ಕೆ! ನಾನು ಬೈದ ಬೈಗುಳಕ್ಕೆ ಪಕ್ಕದ ಔಷಧಿ ಅಂಗಡಿಯವನು ಬಂದು ಇಣುಕಿದ.

ಎರಡು ತಂತಿ ಅದಲುಬದಲಾಗಿದ್ದವು. ಸರಿಮಾಡಿದೆ. ಈಗ ಮುಂದಕ್ಕೇ ಓಡುತ್ತದೆ. ಆದರೆ ಒಂದೇ ಒಂದು ಬೋಗಿ ಕಟ್ಟಿದರೂ ಸಾಕು, ನಡುಗಿ ನಿಂತುಬಿಡುತ್ತದೆ. ಆಗ ನಿಮ್ಮ ಮಾತು ನೆನಪಾಯಿತು: ಮೋಟಾರಿನ ಅಯಸ್ಕಾಂತದ ಬಾಯಿಗೆ ಕಬ್ಬಿಣದ ತುಂಡು ಕೊಡದೆ ಒಳಗಿನ ತಿರುಗುವ ಭಾಗ ತೆಗೆದರೆ ಅದರ ಸೆಳೆತ ಸೋರಿಹೋಗುತ್ತದೆ ಎಂದಿದ್ದಿರಿ. ನಾನು ಅದನ್ನು ವಾರಗಟ್ಟಲೆ ಹಾಗೇ ಬಿಚ್ಚಿಟ್ಟಿದ್ದೆ. ತಲೆ ಚಚ್ಚಿಕೊಂಡೆ. ಮತ್ತೆ ಅದಕ್ಕೆ ಕಸುವು ತುಂಬಿಸುವುದು ಹೇಗೆಂದು ನಿಮಗೆ ಗೊತ್ತಿರಬೇಕು. ನನಗಂತೂ ಸಾಕುಸಾಕಾಗಿದೆ.

ಅತ್ತೆಗೆ ನಮಸ್ಕಾರ ಹೇಳಿ. ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ, ನನ್ನ ಮೇಲೆ ನಿಮ್ಮ ಆಶೀರ್ವಾದವಿರಲಿ.

ಇಂತಿ,
ನಿಮ್ಮ ಅವಸರಪ್ಪ

ವಿ.ಸೂ.: ಇದನ್ನು ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ. ಮಂಗಳವಾರ ಕೋರ್ಟಿನಲ್ಲಿ ಎಲ್ಲ ಮುಗಿಯಿತು. ನಿಮಗೆ ತಿಳಿದಿರುತ್ತದೆ. ವಕೀಲರು ಬೆನ್ನು ತಟ್ಟಿ, "ಇನ್ಮೇಲೆ ಆ ಮನೆಯವರಿಗೂ ನಿಮಗೂ ಯಾವ ಸಂಬಂಧಾನೂ ಇಲ್ಲ, ನಿಶ್ಚಿಂತೆಯಾಗಿರಿ" ಎಂದರು. ಹೆಂಡತಿ ಹೋದಳಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಇಷ್ಟು ವರ್ಷ ರಜೆ ಬಂತೆಂದರೆ ನಿಮ್ಮ ಪಕ್ಕ ಕೂತು ಹಳಿ ಒರೆಸುತ್ತಿದ್ದೆನಲ್ಲ, ಮಾವನೂ ಹೋದರೇ ಎಂದು ಒಬ್ಬರೂ ಕೇಳಲಿಲ್ಲ. ಎಂಜಿನ್ನನ್ನು ಪಾರ್ಸೆಲ್ ಮಾಡಲು ಮನಸ್ಸು ಬರುತ್ತಿಲ್ಲ. ನಾನೇ ತರಲೇ? ಬೇಡವಾದರೆ ಬೇಡ ಅನ್ನಿ, ತಡೆದುಕೊಳ್ಳುತ್ತೇನೆ. ಆದರೆ ನೀವೇ ಅನ್ನಿ ಮಾವ. ಅವಳ ಕೈಲಿ ಹೇಳಿಸಬೇಡಿ.