ಏನು ತರಲಿ ಎಂದು ಕೇಳುವವರು

ಕೆರೆತಾರೊ, ಮೆಕ್ಸಿಕೊ
ಭಾನುವಾರ, ೨ ಜೂನ್ ೨೦೧೩

ಪ್ರೀತಿಯ ತಂಗಿ ಅಂಪಾರೊ,

ನೀನೂ ಮಕ್ಕಳೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಬೈದುಕೋ, ಬೈಸಿಕೊಳ್ಳುವಂಥದ್ದೇ ಮಾಡಿದ್ದೇನೆ. ಅದನ್ನು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದೇನೆ. ಉಪ್ಪು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. 'ಜೂನ್ ಹದಿಮೂರಕ್ಕೆ ಅನ್ಸೆಲ್ಮೊ ಹೋಗಿ ವರ್ಷ ತುಂಬುತ್ತದೆ, ಇಗರ್ಜಿಯಲ್ಲಿ ಅವನ ಆತ್ಮಶಾಂತಿಯ ಬಲಿಪೂಜೆಗೆ ಹೇಳಿದ್ದೇನೆ, ಸಾಧ್ಯವಾದರೆ ಬಾ' ಎಂದು ಬರೆದಿದ್ದೀಯ. ಆ 'ಸಾಧ್ಯವಾದರೆ' ನನಗೆ ಚುಚ್ಚಿತು. ಹೋದ ವರ್ಷ ನಿನ್ನ ಗಂಡನನ್ನು ಮಣ್ಣು ಮಾಡಿದ ದಿನ ಬಸ್ಸು ಕೈಕೊಟ್ಟು ನನಗೆ ಬರಲಾಗಲಿಲ್ಲ. ಅದಕ್ಕೇ ಹೊರಗಿನವರಿಗೆ ಹೇಳುವಂತೆ ನನಗೆ ಹೇಳಿದೆಯೋ ಏನೋ. ಬರುತ್ತೇನೆ ಎಂದು ನಿನ್ನ ಕಾಗದ ಬಂದ ದಿನವೇ ಒಂದು ಸಾಲು ಗೀಚಬಹುದಿತ್ತು. ಯಾಕೆ ಗೀಚಲಿಲ್ಲ ಎಂದು ಹೇಳುವ ಮೊದಲು ನನ್ನ ಜರ್ಮನ್ ಶಿಷ್ಯನ ಕತೆ ಹೇಳಬೇಕು. ಸುತ್ತಿ ಬಳಸಿ ಬರುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಹೆಸರು ಫೋಲ್ಕ್‌ಮಾರ್ ಡೀಟ್ಸ್. ಕಾರಿನ ಸೀಟು ಹೊಲಿಯುವ ಕಾರ್ಖಾನೆಗೆ ಮೂರು ವರ್ಷದ ಮಟ್ಟಿಗೆ ಮ್ಯಾನೇಜರಾಗಿ ಬಂದಿದ್ದಾನೆ. ಹನ್ನೆರಡು ವಾರ ನನ್ನ ಕೈಗೆ ಒಪ್ಪಿಸಿದ್ದಾರೆ. ಬೆಳಿಗ್ಗೆ ಏಳರಿಂದ ಒಂಬತ್ತು, ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಅರ್ಧ ಹೊತ್ತು ನಮ್ಮ ಭಾಷೆ, ಅರ್ಧ ಹೊತ್ತು ನಮ್ಮ ಜನರ ನಡೆನುಡಿ. ಭಾಷೆಯನ್ನು ಅವನ ಊರಿನಲ್ಲೇ ಒಂದಿಷ್ಟು ಕಲಿತು ಬಂದಿದ್ದಾನೆ. ಪುಸ್ತಕಕ್ಕೆ ಬಾಯಿ ಬಂದ ಹಾಗೆ ಮಾತಾಡುತ್ತಾನೆ. ಐವತ್ತೆರಡು ವಯಸ್ಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಆರೂ ಐವತ್ತೈದಕ್ಕೇ ಬಂದು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿರುತ್ತಾನೆ. ನಾನು ಹತ್ತು ನಿಮಿಷ ತಡ, ಎಂದಿನಂತೆ.

ಕೆಲಸ ಶುರುಮಾಡುವ ಮುಂಚೆ ಒಬ್ಬೊಬ್ಬರ ಕೈಯನ್ನೂ ಕುಲುಕು, ನಾಲ್ಕು ಜನರೆದುರು ಯಾರನ್ನೂ ಗದರಬೇಡ, ಲೆಕ್ಕ ಕೇಳುವ ಮೊದಲು ಮನೆಯವರನ್ನು ವಿಚಾರಿಸು ಎಂದು ಹೇಳಿಕೊಟ್ಟೆ. ಪುಣ್ಯಾತ್ಮ ಏನು ಮಾಡಿದ ಗೊತ್ತೇ? ತನ್ನ ಕೈಕೆಳಗಿನ ಹೊಲಿಗೆ ಸಾಲಿನ ಇಪ್ಪತ್ತೆರಡು ಜನರ ತಾಯಂದಿರ ಹೆಸರನ್ನೂ ಬರೆದುಕೊಂಡು, ದಿನಕ್ಕೆ ನಾಲ್ವರಂತೆ ವಿಚಾರಿಸತೊಡಗಿದ. ಮೇಸ್ತ್ರಿ ಕ್ರೆಸೆನ್ಸಿಯೊನ ತಾಯಿ ಸತ್ತು ಒಂಬತ್ತು ವರ್ಷ. ಆದರೂ ಅವನು, ಈ ದೊಡ್ಡ ಮನುಷ್ಯನ ಮುಖ ಕೆಡಿಸುವುದೇಕೆಂದು, "ಚೆನ್ನಾಗಿದ್ದಾರೆ, ಸಾಹೇಬ್ರೇ" ಎಂದು ಎರಡು ಸಲ ಹೇಳಿದನಂತೆ. ಅನ್ಸೆಲ್ಮೊ ಇದ್ದಿದ್ದರೆ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಇನ್ನೊಂದು ಪಾಠವಿದೆ. ನಮ್ಮವರು ಮುಖದೆದುರು 'ಆಗಲ್ಲ' ಎನ್ನುವುದಿಲ್ಲ. ಬರುತ್ತೇವೆ ಎಂದವರೆಲ್ಲ ಬರುವವರಲ್ಲ. ಅದನ್ನು ನಾನು ಯಾವಾಗಲೂ ಒಂಬತ್ತನೇ ವಾರಕ್ಕೆ ಇಟ್ಟುಕೊಳ್ಳುತ್ತೇನೆ. ಈ ಡೀಟ್ಸ್ ಆರನೇ ವಾರದಲ್ಲೇ ತನ್ನ ಸಾಲಿನವರನ್ನೆಲ್ಲ ಭಾನುವಾರದ ಊಟಕ್ಕೆ ಕರೆದುಬಿಟ್ಟ, ನನ್ನನ್ನು ಒಂದು ಮಾತೂ ಕೇಳದೆ. ಇಪ್ಪತ್ತೆರಡು ಜನವೂ ಖಂಡಿತ ಬರುತ್ತೇವೆ ಎಂದರಂತೆ.

ನಾನು ಎರಡು ಗಂಟೆಗೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಬಾಡಿಗೆ ಕುರ್ಚಿಗಳು, ಪ್ರತಿ ತಟ್ಟೆಯ ಮುಂದೆ ಅವನೇ ಬರೆದ ಹೆಸರಿನ ಚೀಟಿ. ಎರಡು ದಿನ ಒಬ್ಬನೇ ನಿಂತು ತನ್ನ ಊರಿನ ಸಾಸೇಜು, ಆಲೂಗಡ್ಡೆ ಪಲ್ಯ ಎಲ್ಲ ಮಾಡಿದ್ದ. ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಅವನು ಹೇಳಿದ್ದು ಒಂದು ಗಂಟೆ. ಎರಡೂವರೆಯಾಯಿತು, ಮೂರಾಯಿತು. ಗೇಟಿನ ಹತ್ತಿರ ಕಾರಿನ ಸದ್ದಾದಾಗಲೆಲ್ಲ ಎದ್ದು ಅಂಗಿ ಸರಿಮಾಡಿಕೊಳ್ಳುತ್ತಿದ್ದ. ನನಗೆ ಅವನ ಮುಖ ನೋಡಲಾಗಲಿಲ್ಲ, ಅಂಪಾರೊ.

ಮೂರೂವರೆಗೆ ಕ್ರೆಸೆನ್ಸಿಯೊ, ಅವನ ಹೆಂಡತಿ ತೊಮಾಸಾ ಇಬ್ಬರೇ ಬಂದರು, ಒಂದು ಪಾತ್ರೆ ಕೆಂಪನ್ನ, ಬಟ್ಟೆಯಲ್ಲಿ ಸುತ್ತಿದ ತೊರ್ತಿಯಾ ರೊಟ್ಟಿ ಹಿಡಿದುಕೊಂಡು. ಡೀಟ್ಸ್ ಅವರನ್ನು ಕೂರಿಸಿ, ಬಡಿಸಿ, ಆಮೇಲೆ ಮೆಲ್ಲಗೆ, "ಅವರೆಲ್ಲರೂ ನನಗೆ ಸುಳ್ಳು ಹೇಳಿದರು" ಎಂದ.

"ಸುಳ್ಳಲ್ಲ ಸಾಹೇಬ್ರೇ," ಎಂದ ಕ್ರೆಸೆನ್ಸಿಯೊ. "ನಿಮ್ಮ ಮುಖ ನೋಡ್ಕೊಂಡು ಆಗಲ್ಲ ಅನ್ನೋಕೆ ಯಾರಿಗೂ ಮನಸ್ಸು ಬರ್ಲಿಲ್ಲ."

"ಹಾಗಾದರೆ ಬರುವವರು ಯಾರು, ಬಾರದವರು ಯಾರು ಎಂದು ನಾನು ತಿಳಿಯುವುದು ಹೇಗೆ?"

ಅದಕ್ಕೆ ತೊಮಾಸಾ ಬಾಯಲ್ಲಿ ಸಾಸೇಜು ಇಟ್ಟುಕೊಂಡೇ, "ಅಯ್ಯೋ, ಅದೇನು ದೊಡ್ಡ ವಿದ್ಯೆ? ಬರೋರು 'ಏನು ತರ್ಲಿ' ಅಂತ ಕೇಳ್ತಾರಪ್ಪ" ಎಂದಳು.

ಹತ್ತೊಂಬತ್ತು ವರ್ಷ ಇದೇ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಅನ್ಸೆಲ್ಮೊ ನೆನಪಾದ. ಪ್ರತಿ ಕ್ರಿಸ್‌ಮಸ್‌ಗೂ ಹೊರಡುವ ಮುಂಚೆ ಫೋನು ಮಾಡಿ, "ಅತ್ತಿಗೆ, ಏನು ತರ್ಲಿ?" ಎನ್ನುತ್ತಿದ್ದ. ಏನೂ ಬೇಡವೆಂದರೂ ಹಗ್ಗ ಕಟ್ಟಿದ ಏಡಿಗಳನ್ನು ತೂಗಾಡಿಸಿಕೊಂಡು ಬಂದಿಳಿಯುತ್ತಿದ್ದ, ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡಿರುತ್ತಿದ್ದರು.

ಸೋಮವಾರ ಬಾರದ ಇಪ್ಪತ್ತೊಂದು ಜನಕ್ಕೂ ಎಚ್ಚರಿಕೆಯ ಪತ್ರ ಕೊಡುತ್ತೇನೆಂದು ಡೀಟ್ಸ್ ತರಗತಿಗೇ ಬರೆದು ತಂದಿದ್ದ. ನಾನು ನನ್ನ ಎಂದಿನ ಪಾಠ ಒಪ್ಪಿಸಿದೆ. ಇಲ್ಲಿ ಹೂಂ ಎನ್ನುವುದು ಒಂದು ಮರ್ಯಾದೆ, ಎದುರಿಗಿರುವವರ ಮನಸ್ಸು ನೋಯದಿರಲಿ ಎಂದು ಹೇಳುವುದು, ಅದರಲ್ಲಿ ಪ್ರೀತಿಯೇ ಇದೆ ಎಂದೆಲ್ಲ ಹೇಳಿದೆ. ಅವನು ಎಲ್ಲ ಬರೆದುಕೊಂಡ. ಆಮೇಲೆ ಪೆನ್ಸಿಲ್ ಕೆಳಗಿಟ್ಟ.

"ಹೂಂ ಎಂದವರ ಮನಸ್ಸು ನನಗೆ ಅರ್ಥವಾಯಿತು, ಟೀಚರ್. ಕಾದು ಕುಳಿತವನಿಗೆ ನೀವು ಏನು ಹೇಳುತ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಸ್ಥಿತಿ. ಅಷ್ಟು ಬ್ಯಾಚಿಗೆ ಪಾಠ ಹೇಳಿದ್ದೇನೆ, ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದುಹೋದೆ. ತಿರುಗಿ ಬಂದಾಗ ಪತ್ರಗಳನ್ನು ಅವನೇ ಹರಿದಿದ್ದ.

ಆ ಮಧ್ಯಾಹ್ನ ಮಿಕ್ಕ ಸಾಸೇಜನ್ನೆಲ್ಲ ಕ್ಯಾಂಟೀನಿಗೆ ತರಿಸಿ, ಏಪ್ರನ್ ಕಟ್ಟಿಕೊಂಡು ತಾನೇ ಬಡಿಸಿದ. ಎಲ್ಲರೂ ತಲೆ ತಗ್ಗಿಸಿ ತಿಂದರು. ಹೊಲಿಗೆಯ ಹುಡುಗಿಯೊಬ್ಬಳು ಎದ್ದು ಅವನ ಕೈಯಿಂದ ತಟ್ಟೆ ಕಸಿದುಕೊಂಡು, ನೀವು ಕೂತ್ಕೊಳ್ಳಿ ಎಂದು ಅವನಿಗೇ ಬಡಿಸಿದಳಂತೆ. ಈಗ ಅವಳ ಮಗುವಿನ ನಾಮಕರಣಕ್ಕೆ ಅವನನ್ನು ಕರೆದಿದ್ದಾರೆ. ಅವನು ಏನು ಕೇಳಿದ ಎಂದು ನಾನು ಹೇಳಬೇಕಿಲ್ಲ. ಐಸ್‌ಗಡ್ಡೆ ತನ್ನಿ ಎಂದಳಂತೆ. ಎಷ್ಟು ಕಿಲೋ ಎಂದು ಟಿಪ್ಪಣಿ ಪುಸ್ತಕ ತೆಗೆದನಂತೆ.

ಮಕ್ಕಳ ವಿಷಯ ಬರೆ. ಚಿಕ್ಕವನ ಕೆಮ್ಮು ಹೇಗಿದೆ? ದೊಡ್ಡವಳಿಗೆ ಕನ್ನಡಕ ಬಂತೆಂದು ಕೇಳಿದೆ, ನಮ್ಮ ಅಮ್ಮನ ಹಾಗೇ ಕಾಣುತ್ತಾಳೋ ಏನೋ. ನೀನು ಸರಿಯಾಗಿ ಊಟ ಮಾಡು, ಒಬ್ಬಳೇ ಇದ್ದಾಗ ನಿಂತುಕೊಂಡು ತಿನ್ನುವ ಅಭ್ಯಾಸ ಬಿಡು. ಮಾತೆ ಮರಿಯ ನಿನ್ನ ಮನೆಯ ಮೇಲೆ ಸೆರಗು ಹೊದಿಸಿರಲಿ.

ಪ್ರೀತಿಯಿಂದ,
ನಿನ್ನ ಅಕ್ಕ
ಎಲಾದಿಯಾ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ತಪ್ಪಿಸಿಕೊಂಡು ಓಡಾಡಿದ್ದು. ಹೋದ ವರ್ಷ ಬಸ್ಸು ಕೆಡಲಿಲ್ಲ, ಅಂಪಾರೊ. ನಾನು ಬಸ್ಸು ಹತ್ತಲೇ ಇಲ್ಲ. 'ದಾರೀಲಿದ್ದೀನಿ ಕಣೇ, ಬಂದೆ' ಎಂದು ಫೋನಿನಲ್ಲಿ ಹೇಳಿದಾಗ ಇದೇ ಅಡುಗೆಮನೆಯಲ್ಲಿ ನಿಂತಿದ್ದೆ. ಅಂದು ಬೆಳಿಗ್ಗೆ ಐದು ಜನ ಹೊಸ ಮ್ಯಾನೇಜರುಗಳು ಬರುವವರಿದ್ದರು. ತರಗತಿ ಬಿಟ್ಟರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಆಗಲ್ಲ ಎಂದಿದ್ದರೆ ನೀನು ಅಳುತ್ತಿದ್ದೆ, ಅಷ್ಟೇ. ಅದನ್ನು ಕೇಳಲಾರದೆ ಹೂಂ ಎಂದೆ. ಅಕ್ಕ ದಾರಿಯಲ್ಲಿದ್ದಾಳೆ ಎಂದು ನೀನು ಪಾದ್ರಿಯನ್ನೂ ಜನರನ್ನೂ ಸುಡುಬಿಸಿಲಲ್ಲಿ ನಾಲ್ಕು ಗಂಟೆಯವರೆಗೆ ನಿಲ್ಲಿಸಿ, ಶವಪೆಟ್ಟಿಗೆ ಇಳಿಸಲು ಬಿಡಲಿಲ್ಲವೆಂದು ನಿನ್ನ ದೊಡ್ಡ ಮಗಳು ಆಮೇಲೆ ಹೇಳಿದಳು. ಬಸ್ಸು ಕೆಟ್ಟಿತು ಎಂದಾಗ ನೀನು, 'ಇರಲಿ ಬಿಡು ಅಕ್ಕಾ' ಎಂದೆ. ನಿನಗೆ ಆಗಲೇ ಗೊತ್ತಿತ್ತು ಅಲ್ಲವೇ?

ಕಾದು ಕುಳಿತವಳಿಗೆ ಏನು ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ. ಬರುತ್ತೇನೆ ಎಂದು ಬರೆಯುವುದಿಲ್ಲ. ನನ್ನ ಬಾಯಲ್ಲಿ ಆ ಮಾತಿಗೆ ಬೆಲೆ ಉಳಿದಿಲ್ಲ. ಟಿಕೆಟ್ಟು ಉಪ್ಪಿನ ಡಬ್ಬಿಯ ಹತ್ತಿರ ನಿನ್ನ ಕಾಗದದ ಜೊತೆಗೇ ಇದೆ, ಬುಧವಾರ ಹನ್ನೆರಡನೇ ತಾರೀಖಿನದು.

ಏನು ತರಲಿ, ಅಂಪಾರೊ?