ಹೊಸ ಪುಡಿಯ ಮಬ್ಬು

ಸೇಡಂ
೧೮ ನವೆಂಬರ್ ೨೦೨೪

ಪ್ರೀತಿಯ ಶ್ರೀವಿದ್ಯಾಗೆ,

ನಿನ್ನ ವೃಂದಾ ವೈನಿಯ ಆಶೀರ್ವಾದ. ಶಹಾಬಾದಿನಲ್ಲಿ ನೀನೂ ಮಗಳೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿಗೇ ಬರೆಯಬೇಕಿದ್ದ ಕಾಗದ ಇದು. ಬೈಯುವುದಿದ್ದರೆ ಪೂರ್ತಿ ಓದಿ ಬೈ. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ನಗು ಬರಬಹುದು. ಈ ಮನೆಯಲ್ಲಿ ಪಿಸುಗುಟ್ಟಿದರೂ ನಮ್ಮವರಿಗೆ, ನಿನ್ನ ಗೋಪಾಲಣ್ಣನಿಗೆ, ಕೇಳಿಸುತ್ತದೆ. ಈಚೆಗೆ ಅವರ ಕಿವಿ ಭಾಳ ಚುರುಕಾಗಿದೆ.

ಮೊದಲು ನಿನ್ನ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ರೀಲು ಇನ್ನೂ ತೊಳೆದಿಲ್ಲ. ವಿಠ್ಠಲ್ ತೀರಿಕೊಂಡ ಮೇಲೆ ಅವನ ಕ್ಯಾಮೆರಾದಲ್ಲೇ ಉಳಿದಿದ್ದ ಆ ಕಪ್ಪು-ಬಿಳುಪು ರೀಲನ್ನು ನೀನು ಸೆರಗಿನಲ್ಲಿ ಸುತ್ತಿಕೊಂಡು ತಂದು ಇವರ ಕೈಗೆ ಕೊಟ್ಟೆ. ನಿನ್ನ ಗಂಡ ಕೊನೆಗೆ ಏನೇನು ನೋಡಿದ ಎಂಬುದು ಅದರಲ್ಲಿದೆ. ಔಷಧಕ್ಕೆ ಒಮ್ಮೆ ಬಿದ್ದರೆ ಮುಗಿಯಿತು, ಬಂದರೆ ಬಂತು, ಹೋದರೆ ಹೋಯಿತು. ಅದಕ್ಕೇ ನನಗೆ ಹೆದರಿಕೆ.

ತಡವಾದದ್ದು ಔಷಧದಿಂದ. ಇವರೂ ವಿಠ್ಠಲನೂ ಮಳಖೇಡದ ಕೋಟೆ, ಕಾಗಿಣಾ ಹೊಳೆಯ ದಂಡೆ ಎಂದು ಸುತ್ತಿ ಬಂದು, ನಮ್ಮ ಬಚ್ಚಲಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡು ರೀಲು ತೊಳೆಯುತ್ತಿದ್ದರಲ್ಲ, ಆ ಡೆವಲಪರ್ ಪುಡಿ ಈಗ ಬರುವುದಿಲ್ಲ. ಹೈದರಾಬಾದ್ ಬಸ್ಸಿನ ಡ್ರೈವರ್ ಫಕೀರಸಾಬ ತಂದುಕೊಟ್ಟ ಪೊಟ್ಟಣದ ಮೇಲೆ ಹೆಸರು ಅದೇ, ಒಳಗಿನ ಪುಡಿ ಬೇರೆ. "ಕಂಪನಿ ಕೈ ಬದಲಾಗ್ಯದಂತ್ರಿ ರಾಯರ, ಒಳಗಿನ ಮಸಾಲಾನೂ ಬದಲಾಗ್ಯದಂತ. ಹಳೇದು ಎಲ್ಲೀ ಸಿಗಂಗಿಲ್ಲಂತ ಅಂಗಡಿಯವ ಹೇಳ್ದ. ಬೇಕಂದ್ರ ಇಟ್ಕೋರಿ, ಬ್ಯಾಡಂದ್ರ ವಾಪಸ್ ಒಯ್ತೀನಿ" ಅಂದ. ಇವರು ಇಟ್ಟುಕೊಂಡರು.

ನಮ್ಮ ಬೋರಿನ ನೀರಿಗೆ ಹಾಕಿದ್ದೇ ತಡ, ಅದು ಒಡೆದ ಹಾಲಿನಂತಾಯಿತು. ಈ ಕಲ್ಲುಸೀಮೆಯ ಸುಣ್ಣದ ನೀರನ್ನು ಹಳೆಯ ಪುಡಿ ತಡೆದುಕೊಳ್ಳುತ್ತಿತ್ತಂತೆ, ಹೊಸದಕ್ಕೆ ಆ ಗುಣವಿಲ್ಲ. ಕುಡಿಯುವ ನೀರಿನ ಕ್ಯಾನ್ ತರಿಸಿದರು, ತಿಳಿಯಾಯಿತು. ತಾವೇ ಹೊಸದಾಗಿ ತೆಗೆದ ಒಂದು ರೀಲನ್ನು ಪರೀಕ್ಷೆಗೆಂದು ತೊಳೆದು ನೋಡಿದರು. ಮಬ್ಬು ಅಂದರು. ಆಮೇಲೆ ತಾವೇ ಔಷಧ ಕೂಡಿಸುತ್ತೇನೆಂದು ಮೆಟಾಲ್, ಹೈಡ್ರೋಕ್ವಿನೋನ್, ಸಲ್ಫೈಟ್ ಎಂದು ಏನೇನೋ ಬಿಳಿ ಪುಡಿ ತರಿಸಿ ನನ್ನ ಅಡುಗೆಮನೆಯ ತಕ್ಕಡಿಯಲ್ಲೇ ತೂಗತೊಡಗಿದರು. ಮಡಿ-ಮೈಲಿಗೆಯ ಮಾತು ಹಾಗಿರಲಿ, ನನಗೀಗ ಉಪ್ಪಿನ ಡಬ್ಬಿಗೆ ಕೈ ಹಾಕಲೂ ಹೆದರಿಕೆ. ಇವರ ಬೆರಳು ನೋಡಬೇಕು ನೀನು, ಕಪ್ಪಾಗಿ ಸೀಳಿವೆ.

"ಇನ್ನಾ ಮಬ್ಬೇ ಬರ್ಲಿಕ್ಕತ್ತದ ವೃಂದಾ. ಇನ್ನಷ್ಟು ಖಡಕ್ ಮಾಡ್ಬೇಕು" ಎನ್ನುತ್ತಾರೆ. ಪ್ರತಿ ಸಲವೂ ಔಷಧ ಖಡಕ್, ಅದ್ದುವ ಹೊತ್ತು ಜಾಸ್ತಿ. ಅತಿಯಾದರೆ ರೀಲು ಸುಟ್ಟ ಹಾಗೆ ಕಪ್ಪಾಗಿಬಿಡುತ್ತದೆ ಎಂದು ಹಿಂದೆ ವಿಠ್ಠಲನಿಗೆ ಇವರೇ ಪಾಠ ಹೇಳಿದ್ದನ್ನು ನಾನು ಕೇಳಿದ್ದೇನೆ.

ಮೊನ್ನೆ ಮಧ್ಯಾಹ್ನ ಇನ್ನೊಂದು ನಡೆಯಿತು. ಹೈಪೋ ಅಂತ ಇರುತ್ತದಲ್ಲ, ಡೆವಲಪರ್ ಆದ ಮೇಲೆ ಹಾಕುವುದು, ಮೂಡಿದ ಚಿತ್ರವನ್ನು ನಿಲ್ಲಿಸುವುದು. ಅದನ್ನೇ ಮೊದಲು ಹಾಕಿದರೆ ರೀಲು ಬರೀ ಬೋಳು. ಆಯುಷ್ಯವೆಲ್ಲ ಇದೇ ಕೆಲಸ ಮಾಡಿದ ಮನುಷ್ಯ ಅದನ್ನೇ ಮೊದಲು ಸುರಿದಿದ್ದಾರೆ. ರೀಲು ಮುಚ್ಚಿದ ಡಬ್ಬಿಯಲ್ಲಿರುತ್ತದೆ, ಔಷಧ ಸುರಿಯುವುದು ಬೆಳಕಿನಲ್ಲೇ, ಬಾಟಲಿಯ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಬರೆದೂ ಇದೆ. ಬೋಳು ರೀಲು ಹಿಡಿದುಕೊಂಡು ಹೊರಗೆ ಬಂದರು.

"ಬಾಟ್ಲಿ ಸರ್ಸಿದ್ಯೇನು?"

"ನಾ ಯಾಕ ಸರಸ್ಲಿರಿ? ನಿಮ್ಮ ಸಾಮಾನಿಗೆ ನಾ ಕೈ ಹಚ್ಚೇನೇನು?"

"ಎಲ್ಲಾ ಈ ಹೊಸಾ ಪುಡಿ ಬಂದಾಗಿಂದ ರಗಳಿ" ಎಂದು ಒಳಗೆ ಹೋದರು. ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟುಬಿಟ್ಟೆ. ಆ ಪರೀಕ್ಷೆಯ ರೀಲಿನ ಜಾಗದಲ್ಲಿ ನಿನ್ನದಿದ್ದಿದ್ದರೆ?

ಈ ಭಾನುವಾರ ನಿನ್ನದನ್ನೇ ತೊಳೆಯುತ್ತಾರಂತೆ. "ವಿಠ್ಠಲನ ರೀಲು ಇನ್ನೆಷ್ಟು ದಿವ್ಸ ಇಟ್ಕೊಂಡು ಕೂಡ್ಲಿ? ಶ್ರೀವಿದ್ಯಾ ಏನ್ ತಿಳ್ಕೊಂಡಾಳು" ಎಂದರು. ನಾನು ಅದನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ನಾಳೆ ಈ ಕಾಗದ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ಕೈ ಸೇರಿದ ಕೂಡಲೇ ನೀನು ಫೋನ್ ಮಾಡಿ, "ಗೋಪಾಲಣ್ಣ, ನನಗಿನ್ನಾ ನೋಡೋ ಧೈರ್ಯ ಇಲ್ರಿ, ಸದ್ಯ ಬ್ಯಾಡ್ರಿ" ಎಂದುಬಿಡು. ನಿನ್ನ ಮಾತು ಅವರು ಮೀರುವುದಿಲ್ಲ. ನಾನು ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ, ನನಗೆ ಹೇಳಲು ಬಾಯಿಲ್ಲ.

ಚಳಿ ಬಿದ್ದಿದೆ, ಮಗಳನ್ನು ಬೆಳಗ್ಗೆ ತಲೆಗೆ ಬಟ್ಟೆ ಕಟ್ಟದೆ ಹೊರಗೆ ಕಳಿಸಬೇಡ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಗುರುರಾಯರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ವೈನಿ,
ವೃಂದಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ನಿನ್ನೆ ಔಷಧ ನೋಡಲೆಂದು ನನ್ನನ್ನೇ ಅಂಗಳದಲ್ಲಿ ಕೂರಿಸಿ ತೆಗೆದು, ತೊಳೆದು, ಅಚ್ಚು ಹಾಕಿದ್ದು. ಒಣಗಿದ ಮೇಲೆ ಕಿಟಕಿಯ ಬಿಸಿಲಿಗೆ ಹಿಡಿದು ಭಾಳ ಹೊತ್ತು ನೋಡಿ, "ನೋಡು, ನಿನ್ನ ಮಾರಿನೇ ಮೂಡಿಲ್ಲ" ಎಂದರು. ನಾನು ಅವರ ಹೆಗಲ ಹಿಂದೆಯೇ ನಿಂತಿದ್ದೆ. ನನಗೆ ಫೋಟೋದಲ್ಲಿ ಮೂಗುಬಟ್ಟಿನ ಹರಳು ಕೂಡ ಕಾಣುತ್ತಿತ್ತು. "ಹೌದ್ರಿ, ಪುಡಿನೇ ಸರಿ ಇಲ್ಲ" ಅಂದೆ. ಇವರಿಗೂ ಸಕ್ಕರೆ ಕಾಯಿಲೆ ಇದೆ, ಇವರ ಅಕ್ಕನ ಕಣ್ಣು ಅದರಿಂದಲೇ ಹೋದದ್ದು, ನಿನಗೆ ಗೊತ್ತಲ್ಲ. ಕಲಬುರಗಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದು ಅವರಿಗಿನ್ನೂ ಹೇಳಿಲ್ಲ. ನನ್ನವೂ ಮುದಿ ಕಣ್ಣುಗಳೇ, ತಪ್ಪಿರಬಹುದು. ನೀನು ಬೆಳಕಿಗೆ ಹಿಡಿದು ಒಮ್ಮೆ ನೋಡು. ಬರೀ ಮಬ್ಬು, ಮುಖ ಕಾಣಲೇ ಇಲ್ಲ ವೈನಿ ಎಂದು ನೀನು ಬರೆದರೆ, ಶ್ರೀವಿದ್ಯಾ, ಅವತ್ತೇ ಹೋಳಿಗೆ ಮಾಡಿ ದೇವರಿಗೆ ನೈವೇದ್ಯ ಇಡುತ್ತೇನೆ.